ಹಾರದೊಳಗಿನ ಅರ್ಜಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹೂವಿನ ವಾಸನೆಯಿಂದ. ದೇವಣಗಾಂವದ ಹತ್ತಿರದ ನಮ್ಮ ಹಳ್ಳಿಯ ಗುಡಿಗಳಿಗೆಲ್ಲ ಅಪ್ಪನೇ ಹಾರ ಕಟ್ಟುತ್ತಿದ್ದ. ಒದ್ದೆ ಗೋಣಿಚೀಲದ ಮೇಲೆ ಚೆಂಡುಹೂವಿನ ರಾಶಿ, ಹಳದಿಯಾದ ಅಪ್ಪನ ಬೆರಳು, ಹಲ್ಲಲ್ಲಿ ಕಚ್ಚಿಹಿಡಿದ ದಾರ ಈಗಲೂ ಕಣ್ಣ ಮುಂದಿವೆ.

ಆ ದಿನ ಹಾರ ದೇವರಿಗಲ್ಲ, ಒಬ್ಬ ನಾಯಕರಿಗೆ ಬೇಕಾಗಿತ್ತು. ಬಡವರ ಮನೆಯಲ್ಲಿ ಹುಟ್ಟಿ ದಿಲ್ಲಿಯವರೆಗೆ ಏರಿದವರು ನಮ್ಮ ಶಾಲೆಯ ಬಯಲಿಗೆ ಬರುವವರಿದ್ದರು. ಅವರ ಜೀವನಕಥೆಯನ್ನು ಹೆಡ್‌ಮಾಸ್ತರರು ಒಂದು ಹಾಳೆಯಲ್ಲಿ ಬರೆದು, ವೇದಿಕೆಯ ಮೇಲೆ ಒಪ್ಪಿಸಲೆಂದು ಅಕ್ಕನಿಗೆ ಬಾಯಿಪಾಠ ಮಾಡಿಸಿದ್ದರು. ‘ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು, ಹೊಳೆ ದಾಟಿ ಶಾಲೆಗೆ ಹೋದರು. ಎಷ್ಟೇ ಕಷ್ಟ ಬಂದರೂ ಓದು ಬಿಡಲಿಲ್ಲ.’ ರೊಟ್ಟಿ ಬಡಿಯುವಾಗಲೂ ಅಕ್ಕನ ಬಾಯಲ್ಲಿ ಅದೇ.

ಅಕ್ಕನ ಏಳನೆಯ ಇಯತ್ತೆ ಮುಗಿಯುತ್ತಿತ್ತು. ನಮ್ಮೂರಲ್ಲಿ ಅದರಾಚೆಗೆ ಶಾಲೆ ಇರಲಿಲ್ಲ. “ಸಿಂದಗಿಗೆ ದಿನಾ ಯಾರು ಕರಕೊಂಡ್ ಹೋಗವ್ರು? ಸಾಲಿ ಕಲ್ತದ್ದು ಸಾಕು ಬಿಡು,” ಎಂದು ಅಪ್ಪ ಹೇಳಿಯಾಗಿತ್ತು. ಅಕ್ಕ ಜಗಳಾಡಲಿಲ್ಲ. ನಮ್ಮೂರಿಗೆ ಹೈಸ್ಕೂಲು ಕೊಡಿ ಎಂದು ನಾಯಕರಿಗೇ ಅರ್ಜಿ ಬರೆದಳು. ಆದರೆ ಹೆಡ್‌ಮಾಸ್ತರರು, “ಹಾಳ್ಯಾಗ ಇದ್ದಷ್ಟ ಹೇಳಿ ಇಳದ್ ಬಾ. ಬ್ಯಾರೆ ಮಾತು, ಕಾಗದಾ ಏನೂ ಬ್ಯಾಡ,” ಎಂದಿದ್ದರು. ಅಕ್ಕ ಅರ್ಜಿಯನ್ನು ಬೆರಳಷ್ಟು ಸಣ್ಣಗೆ ಮಡಚಿ, ಹಾರದ ಕುಚ್ಚಿನೊಳಗೆ ಸೇರಿಸಿ ದಾರ ಸುತ್ತಿದಳು.

“ಅವ್ರಿಗೆ ಹೆಂಗ ಸಿಗತೈತಿ?” ಎಂದು ಕೇಳಿದೆ.

“ಮನಿಗಿ ಹೋಗಿ ಹಾರ ತಗೀತಾರಲ್ಲ, ಆಗ ಕೈಗಿ ಹತ್ತತೈತಿ. ನೀ ಊರಿಗೆಲ್ಲ ಡಂಗುರಾ ಹೊಡೀಬ್ಯಾಡ ಮತ್ತ.”

ನಮಗೆ ಗೊತ್ತಿದ್ದದ್ದು ದೇವರ ಕೊರಳಿನ ಹಾರ ಮಾತ್ರ. ಮರುದಿನ ಬೆಳಗಿನವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾಯಕರ ಅಂಗಿ ಸುಣ್ಣದಷ್ಟು ಬೆಳ್ಳಗಿತ್ತು. ಅಕ್ಕ ತುದಿಗಾಲಲ್ಲಿ ನಿಂತು ಹಾರ ಹಾಕಿದಳು. ಚಪ್ಪಾಳೆ ನಿಲ್ಲುವ ಮೊದಲೇ ಅವರು ಅದನ್ನು ತೆಗೆದು, ತಿರುಗಿ ನೋಡದೆ ಹಿಂದಿದ್ದವನ ಕೈಗೆ ಕೊಟ್ಟರು. ಅವನು ಮೇಜಿನ ಕೆಳಗೆ ಒಗೆದ. ಅಕ್ಕನ ಕಣ್ಣು ಅಲ್ಲೇ ನೆಟ್ಟಿತ್ತು. ಆದರೂ ಒಂದಕ್ಷರ ತಪ್ಪದೆ ಅವರ ಜೀವನವನ್ನು ಅವರಿಗೇ ಒಪ್ಪಿಸಿದಳು.

ಅವರು ಅವಳ ತಲೆ ಸವರಿದರು. “ಭಾಳ ಶಾಣ್ಯಾಕಿ ಅದೀಯವಾ. ಓದು ಮಾತ್ರ ಬಿಡಬ್ಯಾಡ,” ಎಂದರು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಹೆಡ್‌ಮಾಸ್ತರರು ಕಣ್ಣು ಕೆಕ್ಕರಿಸಿದರು. “ಹೂಂರಿ,” ಎಂದಷ್ಟೇ ಹೇಳಿ ಇಳಿದುಬಂದಳು.

ಜೀಪುಗಳು ಹೋದಾಗ ಹಾರಗಳು ಅಲ್ಲೇ ಬಿದ್ದಿದ್ದವು. ಆಡುಗಳನ್ನು ಓಡಿಸಿ ಅಕ್ಕ ನಮ್ಮದನ್ನು ಹುಡುಕಿದಳು. ಕುಚ್ಚು ಬಿಚ್ಚಿದರೆ, ಒದ್ದೆ ಹೂವಿಗೆ ಶಾಯಿಯೆಲ್ಲ ಹರಡಿ ಕಾಗದ ನೀಲಿಯಾಗಿತ್ತು. ಅವರು ಓದಬೇಕೆಂದಿದ್ದರೂ ಓದಲಾಗುತ್ತಿರಲಿಲ್ಲ. ಅಪ್ಪ ಅದನ್ನು ನೋಡಿದ.

ಆ ಬೇಸಿಗೆಯಲ್ಲೇ ಅಕ್ಕನನ್ನು ಮುದ್ದೇಬಿಹಾಳದ ಕಡೆಗೆ ಮದುವೆ ಮಾಡಿಕೊಟ್ಟರು. ಕೆಲವು ವರ್ಷಗಳ ಮೇಲೆ ಅಪ್ಪ ನನ್ನನ್ನು ಸೋದರಮಾವನ ಮನೆಯಲ್ಲಿಟ್ಟು ಕಾನ್ವೆಂಟ್ ಹೈಸ್ಕೂಲಿಗೆ ಸೇರಿಸಿದ. ಅಕ್ಕ ಬೇಡಿದ್ದು ನನಗೆ ಸಿಕ್ಕಿತು. ನಮ್ಮೂರಿಗೆ ಹೈಸ್ಕೂಲು ಬಂದಾಗ ಅವಳ ಮಕ್ಕಳ ಮದುವೆಯೂ ಆಗಿತ್ತು.

ಮೊಮ್ಮಕ್ಕಳೇ, ಈಗ ಶಾಲೆಯ ಬಸ್ಸು ನಿಮ್ಮ ಗೇಟಿಗೇ ಬರುತ್ತದೆ. ಆ ನಾಯಕರು ನಿಮ್ಮ ಪುಸ್ತಕದಲ್ಲಿ ಪಾಠವಾಗಿದ್ದಾರೆ. ಮೊನ್ನೆ ನೀವು ಅದನ್ನು ಒಪ್ಪಿಸುತ್ತ ‘ಹೊಳೆ ದಾಟಿ ಶಾಲೆಗೆ ಹೋದರು’ ಎಂಬಲ್ಲಿ ಮರೆತು ನಿಂತಿರಿ. ನಮ್ಮ ಮನೆಗೆ ಬಂದಿದ್ದ ಅಕ್ಕ ಮೆಂತ್ಯೆಪಲ್ಲೆ ಸೋಸುತ್ತ, ತಲೆ ಎತ್ತದೆಯೇ, ‘ಎಷ್ಟೇ ಕಷ್ಟ ಬಂದರೂ ಓದು ಬಿಡಲಿಲ್ಲ’ ಎಂದಳು.

“ನಿಮಗೂ ಈ ಪಾಠ ಇತ್ತಾ, ದೊಡ್ಡಜ್ಜಿ?” ಎಂದು ಕೇಳಿದಿರಿ.

“ಇತ್ತವಾ,” ಎಂದಳು ಅಕ್ಕ. “ನನಗ ಅದ ಕಡೀ ಪಾಠ.”