ಮೊಣಕೈ ಊರದ ಸಾಕಮ್ಮ

ಸಾಕಮ್ಮ ಮನುಷ್ಯರನ್ನು ಅಳೆಯುತ್ತಿದ್ದದ್ದು ಸೊಂಟ ನೋಡಿ. ಮುಖವೆಲ್ಲ ಆಮೇಲೆ. ನಂಜನಗೂಡಿನ ನಮ್ಮ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ನನ್ನನ್ನೂ ಹಾಗೇ ಒಮ್ಮೆ ನೋಡಿ, "ಕೂತೂ ಕೂತೂ ಸೊಂಟ ಸೆಟ್ಕಂಡದೆ ಕಣವ್ವ ನಿಂಗೆ" ಎಂದರು. ಬೆನ್ನುನೋವೆಂದು ಬಂದಿದ್ದವರು ಅವರು. ಫಿಸಿಯೋಥೆರಪಿ ಮಾಡುವವಳು ನಾನು.

ಹುಲ್ಲಹಳ್ಳಿ ಕಡೆಯ ನಾಟಿ ಹೆಂಗಸರ ಗುಂಪಿಗೆ ಅವರೇ ಯಜಮಾನಿ. ಹನ್ನೆರಡು ಜನ ಸಾಲಾಗಿ ಬಗ್ಗಿ, ಪೈರು ನೆಡುತ್ತಾ ಹಿಂದೆ ಹಿಂದೆ ಸರಿಯುವಾಗ ಸಾಕಮ್ಮನ ದನಿ ನಾಲೆಯ ಆಚೆಗೂ ಕೇಳುತ್ತಿತ್ತು. ಅವರದೊಂದು ಶಾಸ್ತ್ರವಿತ್ತು. ಪೈರಿನ ಕಟ್ಟು ಹಿಡಿದ ಎಡಗೈಯ ಮೊಣಕೈಯನ್ನು ಮೊಣಕಾಲಿಗೆ ಊರಬಾರದು, ಊರಿದವಳು ಸೋಮಾರಿ. ಈ ಬೈಗುಳದ ದೊಡ್ಡ ಪಾಲು ಪಕ್ಕದಲ್ಲಿ ನೆಡುತ್ತಿದ್ದ ಮಾದೇವಿಗೆ ಸಲ್ಲುತ್ತಿತ್ತು. "ಏನಮ್ಮಿ, ಗದ್ದೆಗೆ ಬಂದಿದ್ದೀಯಾ, ಜಗ್ಲಿ ಮೇಲೆ ಒರಗಕ್ ಬಂದಿದ್ದೀಯಾ?" ಮಾದೇವಿ ನಕ್ಕು ಮೊಣಕೈ ಎತ್ತುತ್ತಿದ್ದಳು. ಸಾಕಮ್ಮ ಅತ್ತ ತಿರುಗಿದೊಡನೆ ಮತ್ತೆ ಊರುತ್ತಿದ್ದಳು.

ಬಗ್ಗಬೇಡಿ ಎಂದು ನಾನು ಹೇಳಿದಾಗ ಸಾಕಮ್ಮ, "ಬಗ್ಗದೆ ನಾಟಿ ಆಕಾದು ಎಂಗವ್ವ? ಬದಿನ ಮೇಲೆ ನಿಂತ್ಕಂಡು ಎಸೆಯಾದಾ?" ಎಂದು ಕೇಳಿದರು. ನೋವು ಆಗಲೇ ಕಾಲಿಗೂ ಇಳಿದಿತ್ತು. ಹೀಗೇ ಬಿಟ್ಟರೆ ಮುಂದಿನ ನಾಟಿಗೆ ಅವರು ಗದ್ದೆಗಿಳಿಯುವುದು ಅನುಮಾನ. ಗದ್ದೆಗಿಳಿಯದ ಸಾಕಮ್ಮನನ್ನು ಊರಿನಲ್ಲಿ ಯಾರೂ ಊಹಿಸಿಕೊಂಡಿರಲಿಲ್ಲ, ಅವರಂತೂ ಇಲ್ಲವೇ ಇಲ್ಲ.

ಆಗ ನನಗೊಂದು ಸಾಫ್ಟ್‌ವೇರಿನ ಹುಚ್ಚು ಹಿಡಿದಿತ್ತು. ಎರಡು ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಸಾಕು, ಅದರಲ್ಲಿದ್ದವರ ಅಸ್ಥಿಪಂಜರ ಲ್ಯಾಪ್‌ಟಾಪಿನಲ್ಲಿ ಹಾಗೇ ನಡೆದು, ಬಗ್ಗಿ, ಯಾವ ಸ್ನಾಯು ಎಷ್ಟು ದುಡಿಯುತ್ತಿದೆ ಎಂದು ತೋರಿಸುತ್ತಿತ್ತು. ದುಡಿಯುವ ಸ್ನಾಯು ಕೆಂಪು, ಸುಮ್ಮನಿರುವುದು ನೀಲಿ. ಯಾರೋ ಎಲ್ಲೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು ಇದು, ಯಾರು ಬೇಕಾದರೂ ಬಳಸಬಹುದು, ತಿದ್ದಿ ಮತ್ತೆ ಎಲ್ಲರಿಗೂ ಕೊಡಬಹುದು ಎಂದು ವಿವರಿಸಿದೆ. "ಮುಯ್ಯಾಳು ಅನ್ನು," ಎಂದರು ಸಾಕಮ್ಮ. "ಇವತ್ತು ನಿನ್ ಗದ್ದೆಗೆ ನಾನು, ನಾಳೆ ನನ್ ಗದ್ದೆಗೆ ನೀನು." ನಾನು ವಾರಗಟ್ಟಲೆ ಓದಿ ತಿಳಿದುಕೊಂಡದ್ದನ್ನು ಅವರು ಒಂದೇ ಮಾತಿಗೆ ಮುಗಿಸಿದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಕ್ಲಿನಿಕ್ಕಿನಲ್ಲೇ ವಿಡಿಯೋ ಮಾಡೋಣವೆಂದರೆ ಒಪ್ಪಲಿಲ್ಲ. "ಟೈಲ್ಸ್ ಮೇಲೆ ಕೆಸರು ಎಲ್ಲಿಂದ ತತ್ತೀಯಾ?" ಸರಿ, ಗದ್ದೆಗೇ ಹೋದೆ. ಬದುವಿನ ಮೇಲೆ ಮೊಬೈಲುಗಳನ್ನು ನಿಲ್ಲಿಸುತ್ತಿದ್ದಾಗ ಅವರೇ ಕೂಗಿದರು: "ಮಾದೇವೀನೂ ತಗಿಯವ್ವ! ಸೋಮಾರಿ ಎಂಗಿರ್ತಾಳೆ ಅಂತ ನಿನ್ ಪೆಟ್ಗೆಗೂ ಗೊತ್ತಾಗ್ಲಿ." ಮಾದೇವಿ ಸೆರಗು ಸರಿಮಾಡಿಕೊಂಡು, ಒಂದಿಷ್ಟೂ ನಾಚದೆ ಮೊಣಕೈ ಊರಿಯೇ ನೆಟ್ಟಳು.

ಕೆಲವು ದಿನ ಬಿಟ್ಟು ಸಾಕಮ್ಮನ ಮನೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಇಬ್ಬರ ಅಸ್ಥಿಪಂಜರಗಳೂ ಅಕ್ಕಪಕ್ಕ ಬಗ್ಗಿ ನಿಂತಿದ್ದವು. "ಇದ್ಯಾರು, ನಾನಾ? ಅಯ್ಯೋ, ಇಷ್ಟೊಂದು ಸೊರಗೋಗಿದ್ದೀನಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಣ್ಣ ನೋಡಿದರು. ಅವರ ಬೆನ್ನು ಸೊಂಟದಿಂದ ಮೇಲಕ್ಕೆ ಕೆಂಪೋ ಕೆಂಪು. ಮಾದೇವಿಯದು ಅದರ ಅರ್ಧದಷ್ಟೂ ಇಲ್ಲ. ಇಬ್ಬರೂ ನೆಟ್ಟಿದ್ದು ಮಾತ್ರ ಸರಿಸಮ.

"ಇನ್ನೊಂದ್ಸಲ ಓಡ್ಸು" ಎಂದರು. ನಾಲ್ಕು ಸಲ ಓಡಿಸಿದೆ. "ಅಂಗಾರೆ ಸೋಮಾರಿಗಳದೇ ಸರಿ ಅಂತೀಯಾ?"

"ಅದು ಸೋಮಾರಿತನ ಅಲ್ಲಮ್ಮ. ಬೆನ್ನಿನ ಭಾರಾನ ಮೊಣಕೈ ಹೊರ್ತಾ ಇದೆ. ನೀವೂ ಊರಿದ್ರೆ ಇನ್ನೂ ನಾಟಿ ಹಾಕಬಹುದು."

ಅವರು ಎದ್ದು ಒಳಗೆ ಹೋದರು. ಕಾಫಿ ಕುಡೀತೀಯಾ ಎಂದು ಸಹ ಕೇಳಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಪೆಚ್ಚುಮೋರೆಯಲ್ಲಿ ಬಸ್ಸು ಹತ್ತಿದೆ. ಆಮೇಲೆ ಅವರು ಕ್ಲಿನಿಕ್ಕಿನ ಕಡೆ ತಲೆಹಾಕಲಿಲ್ಲ.

ಮುಂದಿನ ನಾಟಿ ಬರುವ ಹೊತ್ತಿಗೆ ನನಗೆ ತಿ. ನರಸೀಪುರದಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಮನಸ್ಸು ತಡೆಯದೆ ಹುಲ್ಲಹಳ್ಳಿಗೆ ಹೋದೆ. ಅವರನ್ನು ನೋಡಿದ್ದು ಅದೇ ಕೊನೆಯ ಸಲ. ಅದಾದ ಮೇಲೆ ಇನ್ನೂ ಎರಡು ನಾಟಿ ಹಾಕಿ, ಒಂದು ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡರು ಎಂದು ಮಾದೇವಿ ಫೋನಿನಲ್ಲಿ ಹೇಳಿದಾಗ ಅತ್ತುಬಿಟ್ಟೆ. ಎರಡು ನಾಟಿ ಹಾಕಿದರಲ್ಲ ಎಂದು ಅಳುವಿನ ನಡುವೆಯೇ ಸಂತೋಷವೂ ಆಯಿತು.

ನಾನು ಹುಲ್ಲಹಳ್ಳಿಗೆ ಹೋದ ಆ ದಿನ ಗದ್ದೆಯಲ್ಲಿ ಸಾಕಮ್ಮ ಮೊಣಕೈ ಊರಿ ಪೈರು ನೆಡುತ್ತಿದ್ದರು. ಬಾಯಿ ಮಾತ್ರ ಮುಚ್ಚಿಕೊಂಡಿತ್ತು, ಗುಂಪೆಲ್ಲ ಮಂಕಾಗಿತ್ತು. ನನ್ನನ್ನು ಕಂಡು ಬದುವಿನ ಹತ್ತಿರ ಬಂದರು. ಬೆನ್ನು ಹೇಗಿದೆ ಎಂದು ಕೇಳಿದೆ.

"ಬೆನ್ನು ಪರವಾಗಿಲ್ಲ ಕಣವ್ವ. ಇಪ್ಪತ್ ವರ್ಸ ಅವಳ್ನ ಬೈದಿದ್ದೀನಲ್ಲ, ಅದುಕ್ಕೇನಾದ್ರೂ ಮದ್ದು ಅದಾ ನಿನ್ ಪೆಟ್ಗೇಲಿ?"

"ಇಲ್ಲಮ್ಮ" ಎಂದೆ.

ಅವರು ಸಾಲಿನ ಕಡೆ ತಿರುಗಿ, ನಾಲೆಯ ಆಚೆಗೂ ಕೇಳುವ ದನಿಯಲ್ಲಿ ಕೂಗಿದರು: "ಕೇಳ್ರಮ್ಮಿ ಎಲ್ಲಾರೂವೆ! ಮಾದೇವಿ ಸೋಮಾರಿ ಅಲ್ಲ. ಅವಳ್ದೇ ಸರಿ. ನಾನೇ ತಿಳೀದೆ ಬೈದೆ."

ಸಾಲು ಹಾಗೇ ನಿಂತುಹೋಯಿತು. ಮಾದೇವಿ ನೆಟ್ಟಗೆ ನಿಂತು, ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕೆಸರು ಮಾಡಿಕೊಂಡಳು. ಆಮೇಲೆ ಬಗ್ಗಿದಳು. ಆದರೆ ಇಷ್ಟು ದೊಡ್ಡ ಮರ್ಯಾದೆ ಸಿಕ್ಕಿದ ಮೇಲೆ ಕೈ ಊರುವುದು ಸರಿಯಲ್ಲ ಎನ್ನಿಸಿತೋ ಏನೋ, ಎಡಗೈ ಗಾಳಿಯಲ್ಲೇ ಹಿಡಿದು ನೆಡತೊಡಗಿದಳು.

ಸಾಕಮ್ಮ ಅದನ್ನು ಕಂಡರು.

"ಮೊಣಕೈ ಊರಮ್ಮಿ, ಸೋಮಾರಿ!"