ಕನ್ಸಲವ್ವನ ಮದುವೆಯಾದ ಜಾಗ

ಅನ್ನಪೂರ್ಣವ್ವ ಗದಗಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ನಿವೃತ್ತಳಾದ ಮೇಲೆ ಅಮೆರಿಕದ ಟೊರೆನ್ಸಿನಲ್ಲಿದ್ದ ಮಗಳು ರಜನಿಯ ಮನೆಗೆ ಬಂದಳು. ಮೂರನೆಯ ದಿನವೇ ಸಂಜೆ ವಾಕಿಂಗಿಗೆ ಹೋಗಿ ದಾರಿ ತಪ್ಪಿದಳು. ಅಲ್ಲಿಯ ಬೀದಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಅವಳನ್ನು ಕೈಹಿಡಿದು ಮನೆ ಮುಟ್ಟಿಸಿದವಳು ಎರಡು ಮನೆ ಆಚೆಯ ಮೆಕ್ಸಿಕನ್ ಮುದುಕಿ ಕಾನ್ಸುಯೆಲೊ. ಆ ಮುದುಕಿಯ ಕಣ್ಣು ಮುಕ್ಕಾಲು ಹೋಗಿತ್ತು. ಸೀರೆಯ ಬಣ್ಣವಷ್ಟೇ ಕಂಡು ರಜನಿಯ ಮನೆಯವಳಿರಬೇಕೆಂದು ಊಹಿಸಿದ್ದಳು.

"ಕಣ್ಣಿಲ್ಲದಾಕಿ ನನಗ ದಾರಿ ತೋರ್ಸಿದ್ಲು ನೋಡವ್ವ" ಎಂದಳು ಅನ್ನಪೂರ್ಣವ್ವ ಮಗಳಿಗೆ. ಅಂದಿನಿಂದ ಅವಳ ಬಾಯಲ್ಲಿ ಕಾನ್ಸುಯೆಲೊ ಕನ್ಸಲವ್ವನಾದಳು. ಒಬ್ಬಳದು ಕನ್ನಡ, ಇನ್ನೊಬ್ಬಳದು ಸ್ಪ್ಯಾನಿಷ್. ದಿನಾ ಸಂಜೆ ಜೊತೆಗೆ ನಡೆದರು, ಮಾತಿಗೆ ಬರ ಬರಲಿಲ್ಲ.

೨೦೦೬ರಲ್ಲಿ ಕಾನ್ಸುಯೆಲೊ ರಜನಿಯ ಬಳಿ ಇಂಗ್ಲಿಷಿನಲ್ಲಿ ಒಂದು ಬೇಡಿಕೆ ಇಟ್ಟಳು. ಡೌನ್‌ಟೌನಿನ ಹಳೆಯ ಬರೋಕ್ ಶೈಲಿಯ ದೊಡ್ಡ ಚರ್ಚು, ಕೆಥೆಡ್ರಲ್‌ಗೆ ಹೋಗಬೇಕು, ತನ್ನ ಮದುವೆಯಾದದ್ದು ಅಲ್ಲೇ. ಭೂಕಂಪದಲ್ಲಿ ಬಿರುಕು ಬಿಟ್ಟು ವರ್ಷಗಟ್ಟಲೆ ಮುಚ್ಚಿದ್ದ ಅದು ಈಗ ತೆರೆದಿತ್ತು.

"ಅವ್ವಾ, ಅದನ್ನ ಈಗ ಫಂಕ್ಷನ್ ಹಾಲ್ ಮಾಡ್ಯಾರ. ಒಳಗ ದೇವ್ರಿಲ್ಲ."

"ಆಕಿಗೆ ಹೇಳಿದ್ಯೇನು?"

"ಹೇಳೇನಿ. ಆದ್ರೂ ಹೋಗ್ಬೇಕಂತ."

ಭಾನುವಾರ ರಜನಿ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದಳು. ಒಳಗೆ ಎತ್ತರದ ಕಂಬಗಳು, ಅವುಗಳ ನೆತ್ತಿಯಲ್ಲಿ ಸುರುಳಿ ಸುತ್ತಿದ ಎಲೆಗಳು. ಅನ್ನಪೂರ್ಣವ್ವನಿಗೆ ಲಕ್ಕುಂಡಿಯ ಗುಡಿಗಳು ನೆನಪಾದವು. ಗೆಳತಿಯ ಅಂಗೈಯನ್ನು ಕಂಬಕ್ಕೆ ಒತ್ತಿದಳು. ಕಾನ್ಸುಯೆಲೊ ಅದನ್ನು ಸವರಿ ನಕ್ಕಳು. ಆಮೇಲೆ ಮುಂದೆ ಹೋಗಿ, ಮದುವೆಯ ದಿನ ಮಂಡಿಯೂರಿದ್ದ, ಪೂಜಾಪೀಠದ ಮುಂದಿನ ಕಟಕಟೆಗಾಗಿ ಗಾಳಿಯಲ್ಲಿ ಕೈಯಾಡಿಸಿದಳು. ಏನೂ ಸಿಗಲಿಲ್ಲ. ತಲೆ ತಗ್ಗಿಸಿ ನಿಂತುಬಿಟ್ಟಳು.

ಅನ್ನಪೂರ್ಣವ್ವ ಮಗಳತ್ತ ತಿರುಗಿದಳು. "ರಜನಿ, ಗಂಡ ಯಾವ ಕಡೆ ನಿಂತಿದ್ದಾ ಕೇಳು."

"ಬಲಕ್ಕಂತ."

ಅನ್ನಪೂರ್ಣವ್ವ ಸೆರಗು ಸರಿಪಡಿಸಿಕೊಂಡು ಬಲಕ್ಕೆ ಹೋಗಿ ನಿಂತು ತೋಳು ಕೊಟ್ಟಳು. ಕಾನ್ಸುಯೆಲೊ ಒಂದು ಕ್ಷಣ ತಡೆದು ಆ ತೋಳು ಹಿಡಿದಳು. ಇಬ್ಬರೂ ಬಾಗಿಲಿನತ್ತ ಹೆಜ್ಜೆ ಹಾಕಿದರು. ಕುರ್ಚಿ ಜೋಡಿಸುತ್ತಿದ್ದ ಕೆಲಸಗಾರರು ಕೈಯಲ್ಲಿದ್ದುದನ್ನು ಕೆಳಗಿಟ್ಟು ಬದಿಗೆ ಸರಿದರು. ನಡುದಾರಿಯಲ್ಲಿ ಕಾನ್ಸುಯೆಲೊ ಏನೋ ಅಂದಳು. ರಜನಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ಏನಂತ?"

"ಆಕಿ ಗಂಡ ರಮೀರೊ ಅವತ್ತ ಹಿಂಗ ಸಾವಕಾಶ ನಡೀಲಿಲ್ಲಂತ. ಹೆದರಿ ಓಡಿದ್ನಂತ, ಆಕಿ ಅವನ ಹಿಂದ ಹಿಂದ."

"ಗಂಡಸ್ರು ಎಲ್ಲಾ ಕಡಿ ಒಂದೇ ತಗೀ!" ಎಂದಳು ಅನ್ನಪೂರ್ಣವ್ವ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಪಾರ್ಕಿಂಗ್ ಅವಧಿ ಮುಗಿಯುತ್ತ ಬಂದಿತ್ತು. ಆದರೂ ರಜನಿ ಅವರನ್ನು ಏಳಿಸಲಿಲ್ಲ.