ಮೋಟನ ಜೊಂಡಿನ ಮೂಲೆ

ಕಾರ್ಖಾನೆಯ ಯಂತ್ರ ಎರಡು ಬೆರಳು ತಿಂದ ಮೇಲೆ ಮೋಟನಿಗೆ ಉಳಿದ ಕಸುಬು ಗಾಳ ಒಂದೇ. ಗೆಂಡೆ ಮೀನು ನಡುನೀರು ಬಿಟ್ಟು ಜೊಂಡಿನ ಅಂಚಿಗೇ ಮೇಯಲು ಬರುತ್ತದೆ. ಅವನು ಕೆರೆಯ ಆ ಮೂಲೆಗೆ ದಿನವೂ ಹಿಂಡಿ, ತೌಡು ಕಲಸಿದ ಉಂಡೆ ಎಸೆದು ಮೀನಿಗೆ ಜಾಗದ ರುಚಿ ಹತ್ತಿಸಿದ.

ಅತ್ತ ಕೆರೆ ಗುತ್ತಿಗೆದಾರನ ಬಲೆ ಖಾಲಿ ಬರತೊಡಗಿತು. ಅವನ ಆಳುಗಳು ದೊಣ್ಣೆ ಹಿಡಿದು ಬಂದರು.

“ನಮ್ಮ ಮೀನಿಗೆ ಮದ್ದು ಹಾಕ್ತೀಯೇನೋ, ಮೋಟ?”

“ನಿಮ್ಮವಾದ್ರೆ ಹೆಸರು ಹಿಡಿದು ಕರೀರಿ, ಬರ್ತಾವೆ!”

ಮೊದಲ ಏಟಿಗೆ ಮುಂಗೈ ಮೂಳೆ ಲಟ್ಟೆಂದಿತು. ಮತ್ತೊಂದಕ್ಕೆ ಹಲ್ಲು ಉದುರಿದವು. ಬಿದ್ದವನ ಪಕ್ಕೆಗೆ ಒದ್ದರು. ಅಷ್ಟಕ್ಕೂ ಸಿಟ್ಟು ಇಳಿಯದೆ, ಉಂಡೆ ತುಂಬಿದ್ದ ಬಕೆಟ್ಟನ್ನು ಅದೇ ಮೂಲೆಯ ನೀರಿಗೆ ಬೋರಲು ಹಾಕಿ ಹೋದರು.

ಓಡಿ ಬಂದ ಹೆಂಡತಿ ಸೆರಗು ಹರಿದು ಕೈಗೆ ಕಟ್ಟಿದಳು. “ಇನ್ನಾದ್ರೂ ಈ ಜಾಗ ಬಿಡ್ತೀಯೋ ಇಲ್ವೋ?”

ಮೋಟ ರಕ್ತ ಉಗಿದು ನಕ್ಕ. “ವಾರದ ಮೇವನ್ನ ಬಡ್ಡಿಮಕ್ಕಳೇ ಸುರಿದು ಹೋಗಿದಾರೆ ಕಣೇ. ಕೆರೆಯ ಗೆಂಡೆಯೆಲ್ಲ ಇಲ್ಲಿಗೇ ಬರ್ತಾವೆ, ನೋಡ್ತಿರು.”

ಮರುದಿನವೇ ಬಂದವು. ಮೋಟನ ಕೈ ಮುರಿದಿತ್ತು, ಹೆಂಡತಿಯೇ ಗಾಳ ಹಾಕಿ ಕೂತಳು, ಮಗ್ಗುಲಲ್ಲಿ ಮಚ್ಚು. ಗಾಳದ ಕೋಲು ಬಾಗಿದ ಹೊತ್ತಿಗೇ ಆಳುಗಳೂ ದಂಡೆ ಇಳಿದರು. ಅವಳು ಕೋಲನ್ನು ಗಂಡನ ಕಂಕುಳಿಗೆ ತುರುಕಿ ಮಚ್ಚು ಬೀಸಿದಳು. ಮುಂದಿದ್ದವನ ದೊಣ್ಣೆಯೂ ಹೆಬ್ಬೆರಳೂ ಒಟ್ಟಿಗೇ ನೀರಿಗೆ ಬಿದ್ದವು.

“ಈಗ ನೀನೂ ಮೋಟನೇ ಕಣೋ,” ಎಂದಳು.

ಆ ಮೂಲೆಗೆ ಮತ್ತೆ ಯಾರೂ ದೊಣ್ಣೆ ತರಲಿಲ್ಲ.